ಸಣ್ಣ ಮತ್ತು ಮಧ್ಯಮ ಉದ್ಯಮಗಳ ಹಣಕಾಸು ಮಾದರಿ: ಕಲಿಕೆಯನ್ನು ಎಲ್ಲಿಂದ ಆರಂಭಿಸಬೇಕು?

ಖಾತೆ_ಕಲಿಕೆ:

ನಮಸ್ಕಾರ. ನಾನು ಒಂದು ಸಣ್ಣ ತಯಾರಿಕಾ ಸಂಸ್ಥೆಯ ಲೆಕ್ಕಪತ್ರ ವಿಭಾಗದಲ್ಲಿ ಕೆಲಸ ಮಾಡುತ್ತಿದ್ದೇನೆ. ಖತಾವಣಿ ಬರೆಯುವುದು, ತಾಳೆ ಪಟ್ಟಿ ಸರಿದೂಗಿಸುವುದು, ವರ್ಷಾಂತ್ಯದ ಲಾಭ-ನಷ್ಟ ಖಾತೆ ಮತ್ತು ಆಸ್ತಿ-ಹೊಣೆ ಪಟ್ಟಿ ತಯಾರಿಸುವುದು ನನಗೆ ರೂಢಿಯಾಗಿದೆ. ಆದರೆ ಇವೆಲ್ಲ ಆಗಿಹೋದದ್ದರ ಲೆಕ್ಕ. ಮಾಲೀಕರು ಈಗ ಕೇಳುತ್ತಿರುವುದು ಮುಂದಿನದನ್ನು: ಇನ್ನೊಂದು ಯಂತ್ರ ಕೊಳ್ಳಬಹುದೇ, ದೊಡ್ಡ ಗ್ರಾಹಕರೊಬ್ಬರು ಕೇಳುತ್ತಿರುವ ಎರಡು ತಿಂಗಳ ಉದ್ರಿಗೆ ಒಪ್ಪಿದರೆ ಸಂಬಳದ ದಿನಕ್ಕೆ ಬ್ಯಾಂಕಿನಲ್ಲಿ ಹಣ ಇರುತ್ತದೆಯೇ, ಮಾರಾಟ ಹೆಚ್ಚುತ್ತಿದ್ದರೂ ಕೈ ಏಕೆ ಬಿಗಿಯಾಗುತ್ತಿದೆ?

ಕಲಿಯಲೆಂದು ನೋಡಿದ ಪಾಠಗಳು ಬಹುಪಾಲು ಷೇರುಪೇಟೆಯಲ್ಲಿರುವ ದೊಡ್ಡ ಕಂಪನಿಗಳ ಮೌಲ್ಯಮಾಪನ, ಸ್ವಾಧೀನ, ವಿಲೀನಗಳ ಸುತ್ತ ಇವೆ. ಐದು ವರ್ಷಗಳ ನಗದು ಹರಿವನ್ನು ಇಂದಿನ ಮೌಲ್ಯಕ್ಕೆ ಇಳಿಸುವುದನ್ನು, ಅಂದರೆ ಮುಂದೆ ಬರುವ ಹಣ ಇಂದಿನ ಎಷ್ಟು ಹಣಕ್ಕೆ ಸಮ ಎಂದು ಲೆಕ್ಕಹಾಕುವುದನ್ನು, ಅಲ್ಲಿ ಕಲಿತೆ. ಆದರೆ ಮುಂದಿನ ಐದು ವಾರ ಹೇಗೆ ಸಾಗುತ್ತದೆ ಎಂಬುದಕ್ಕೆ ಅಲ್ಲಿ ಉತ್ತರ ಸಿಗಲಿಲ್ಲ. ನನ್ನಂಥವರು ಯಾವ ಕ್ರಮದಲ್ಲಿ ಕಲಿಯಬೇಕೆಂದು ಅನುಭವಿಗಳು ದಯವಿಟ್ಟು ತಿಳಿಸಬೇಕು.

ಹಳೇ_ಖತಾವಣಿ:

ನಿಮ್ಮ ಪ್ರಶ್ನೆಯಲ್ಲಿಯೇ ಕ್ರಮ ಅಡಗಿದೆ. ಸಣ್ಣ ಉದ್ಯಮದ ಹಣಕಾಸು ಮಾದರಿ, ಅಂದರೆ ಉದ್ಯಮದ ಮುಂದಿನ ಹಣದ ಸ್ಥಿತಿಯನ್ನು ಅಂದಾಜಿಸುವ ಸ್ಪ್ರೆಡ್‌ಶೀಟ್ ಲೆಕ್ಕ, ಮೊದಲು ಉತ್ತರಿಸಬೇಕಾದದ್ದು ಹಣ ಯಾವ ದಿನ ಬರುತ್ತದೆ, ಯಾವ ದಿನ ಹೋಗುತ್ತದೆ ಎಂಬುದಕ್ಕೆ. ಉದ್ಯಮದ ಒಟ್ಟು ಮೌಲ್ಯ ಎಷ್ಟು ಎಂಬ ಪ್ರಶ್ನೆ ಮಾರುವ ಅಥವಾ ಪಾಲುದಾರರನ್ನು ಸೇರಿಸಿಕೊಳ್ಳುವ ಸಂದರ್ಭದಲ್ಲಿ ಮಾತ್ರ ಬರುತ್ತದೆ. ಸಂಬಳದ ದಿನ ಪ್ರತಿ ತಿಂಗಳೂ ಬರುತ್ತದೆ.

ನನ್ನ ಸಲಹೆ ಸ್ವಲ್ಪ ನೀರಸವೆನಿಸಬಹುದು. ಭವಿಷ್ಯದ ಒಂದು ಅಂಕಿಯನ್ನೂ ಬರೆಯುವ ಮೊದಲು, ಕಳೆದ ಹನ್ನೆರಡು ತಿಂಗಳನ್ನು ಮಾದರಿಯಲ್ಲಿ ಮರುಸೃಷ್ಟಿಸಿ. ಅಂದರೆ ತಿಂಗಳವಾರು ಮಾರಾಟ, ಖರೀದಿ, ವೆಚ್ಚ, ವಸೂಲಿ, ಪಾವತಿ, ಕಂತು, ತೆರಿಗೆ, ಮಾಲೀಕರು ಸ್ವಂತಕ್ಕೆ ತೆಗೆದುಕೊಂಡ ಹಣ ಇವಿಷ್ಟನ್ನೂ ಅಂಕಣಗಳಲ್ಲಿ ಹಾಕಿ, ಪ್ರತಿ ತಿಂಗಳ ಕೊನೆಗೆ ಮಾದರಿ ತೋರಿಸುವ ನಗದು ಶಿಲ್ಕು ಬ್ಯಾಂಕ್ ಸ್ಟೇಟ್‌ಮೆಂಟಿನ ಶಿಲ್ಕಿಗೆ ತಾಳೆಯಾಗುವಂತೆ ಮಾಡಿ. ನಡೆದುಹೋದ ವರ್ಷವನ್ನೇ ವಿವರಿಸಲಾರದ ಮಾದರಿ ಬರುವ ವರ್ಷದ ಬಗ್ಗೆ ಏನು ಹೇಳಿದರೂ ನಂಬುವುದು ಕಷ್ಟ.

ಈ ತಾಳೆ ಹಾಕುವ ಕೆಲಸದಲ್ಲಿ ಪುಸ್ತಕ ಕಲಿಸದ ಸಂಗತಿಗಳು ಹೊರಬೀಳುತ್ತವೆ. ಬಿಲ್ಲಿನ ಮೇಲೆ ಮೂವತ್ತು ದಿನ ಎಂದು ಬರೆದಿದ್ದರೂ ಗ್ರಾಹಕರು ವಾಸ್ತವವಾಗಿ ಕೊಡುವುದು ಐವತ್ತನೆಯ ದಿನಕ್ಕೆ ಎಂಬುದು, ವರ್ಷಕ್ಕೊಮ್ಮೆ ಕಟ್ಟುವ ವಿಮೆಯ ಕಂತು ಯಾವಾಗಲೂ ಮಾರಾಟ ಮಂದವಾಗಿರುವ ತಿಂಗಳಿನಲ್ಲೇ ಬರುತ್ತದೆ ಎಂಬುದು, ಗ್ರಾಹಕರಿಂದ ಸಂಗ್ರಹಿಸಿದ ಮಾರಾಟ ತೆರಿಗೆ ಕೆಲವು ವಾರ ಖಾತೆಯಲ್ಲಿ ಕುಳಿತು ನಮ್ಮದೇ ಹಣವೆಂಬ ಭ್ರಮೆ ಹುಟ್ಟಿಸುತ್ತದೆ ಎಂಬುದು ಇತ್ಯಾದಿ. ಮುಂದಿನ ವರ್ಷದ ಊಹೆಗಳಿಗೆ ಇವೇ ಬುನಾದಿ.

ಸೂತ್ರ_ಸಾಲು:

ಮೇಲಿನ ಸಲಹೆಯನ್ನು ಗೌರವಿಸುತ್ತಲೇ ಒಂದು ಭಿನ್ನಾಭಿಪ್ರಾಯ ಹೇಳಬೇಕಿದೆ. ನಗದು ಪಟ್ಟಿಯೊಂದನ್ನೇ ಹಿಡಿದುಕೊಂಡರೆ ಮಾದರಿ ಅಪೂರ್ಣವಾಗುತ್ತದೆ. ಲಾಭ-ನಷ್ಟ, ಆಸ್ತಿ-ಹೊಣೆ, ನಗದು ಹರಿವು ಈ ಮೂರೂ ಪಟ್ಟಿಗಳು ಒಂದಕ್ಕೊಂದು ಬೆಸೆದುಕೊಂಡಿದ್ದರೆ ಮಾತ್ರ ಯಾವುದೋ ಒಂದು ಪಾವತಿಯನ್ನು ಒಂದು ಪಟ್ಟಿಯಲ್ಲಿ ಬರೆದು ಇನ್ನೊಂದರಲ್ಲಿ ಮರೆತದ್ದು ತಾನಾಗಿಯೇ ಗೊತ್ತಾಗುತ್ತದೆ, ಏಕೆಂದರೆ ಆಸ್ತಿಯೂ ಹೊಣೆಯೂ ಆಗ ಸರಿದೂಗುವುದಿಲ್ಲ. ಯಂತ್ರದ ಖರೀದಿ ಲಾಭ-ನಷ್ಟ ಖಾತೆಯಲ್ಲಿ ಕಾಣುವುದಿಲ್ಲ, ಅದರ ಸವಕಳಿ (ಬಳಕೆಯಿಂದ ವರ್ಷವರ್ಷ ಇಳಿಯುವ ಬೆಲೆ) ಮಾತ್ರ ಕಾಣುತ್ತದೆ. ಸಾಲದ ಅಸಲು ಕಾಣುವುದಿಲ್ಲ, ಬಡ್ಡಿ ಮಾತ್ರ ಕಾಣುತ್ತದೆ. ಈ ಸಂಬಂಧಗಳನ್ನು ಕಲಿಯದೆ ನೇರವಾಗಿ ನಗದು ಪಟ್ಟಿಗೆ ಇಳಿದವರು ಮುಂದೆ ಲಾಭವನ್ನೂ ನಗದನ್ನೂ ಬೆರೆಸಿಕೊಂಡು ಗೊಂದಲಕ್ಕೆ ಬೀಳುತ್ತಾರೆ.

ಹಳೇ_ಖತಾವಣಿ:

ಮೂರು ಪಟ್ಟಿಗಳು ಬೇಕೆಂಬುದರಲ್ಲಿ ತಕರಾರಿಲ್ಲ. ಯಾವುದು ಮೊದಲು ಎಂಬುದರಲ್ಲಿ ಮಾತ್ರ ನಮ್ಮ ಅಭಿಪ್ರಾಯ ಬೇರೆ. ಪ್ರಶ್ನೆ ಕೇಳಿದವರಿಗೆ ಜಮಾ-ಖರ್ಚಿನ ಜ್ಞಾನ ಈಗಾಗಲೇ ಇದೆ. ಅವರಿಗೆ ಕೊರತೆಯಿರುವುದು ಕಾಲದ ಅಂತರವನ್ನು ಅಂಕಿಗಳಲ್ಲಿ ಕಾಣುವ ಅಭ್ಯಾಸ. ಅದಕ್ಕಾಗಿ ಕಾಗದದ ಮೇಲೆಯೇ ಮಾಡಬಹುದಾದ ಒಂದು ಲೆಕ್ಕ ಕೊಡುತ್ತೇನೆ. ನಾಣ್ಯ ಯಾವುದೆಂದು ಯೋಚಿಸಬೇಡಿ, ಬರಿಯ ಅಂಕಿಗಳೆಂದೇ ಇಟ್ಟುಕೊಳ್ಳಿ.

ಒಂದು ಸಂಸ್ಥೆಯ ಮಾರಾಟ ತಿಂಗಳಿಗೆ 100. ಸರಕಿನ ವೆಚ್ಚ ಮಾರಾಟದ ಶೇ. 70. ಸರಕನ್ನು ಮಾರಾಟಕ್ಕೆ ಒಂದು ತಿಂಗಳು ಮುಂಚಿತವಾಗಿ ನಗದು ಕೊಟ್ಟು ಕೊಳ್ಳುತ್ತಾರೆ. ಸ್ಥಿರ ವೆಚ್ಚ ತಿಂಗಳಿಗೆ 20. ಗ್ರಾಹಕರು ಎರಡು ತಿಂಗಳ ನಂತರ ಹಣ ಕೊಡುತ್ತಾರೆ. ಮಾರಾಟ ಸ್ಥಿರವಾಗಿದ್ದಷ್ಟು ಕಾಲ ತಿಂಗಳಿಗೆ ಲಾಭ 10, ನಗದಿನ ಹೆಚ್ಚಳವೂ 10, ಎಲ್ಲರೂ ನಿಶ್ಚಿಂತರು.

ಈಗ ಮಾರಾಟ ತಿಂಗಳಿಗೆ 10ರಂತೆ ಏರತೊಡಗುತ್ತದೆ ಎಂದುಕೊಳ್ಳಿ: 110, 120, 130, 140, 150, 160, ಏಳನೆಯ ತಿಂಗಳು 170. ಮೊದಲ ಆರು ತಿಂಗಳ ಲಾಭ ಕ್ರಮವಾಗಿ 13, 16, 19, 22, 25, 28, ಒಟ್ಟು 123. ಮಾಲೀಕರಿಗೆ ಇದಕ್ಕಿಂತ ಸಂತೋಷದ ಪಟ್ಟಿ ಬೇರೊಂದಿಲ್ಲ. ಆದರೆ ಅದೇ ಆರು ತಿಂಗಳಲ್ಲಿ ಬಂದ ನಗದು 100, 100, 110, 120, 130, 140, ಒಟ್ಟು 700. ಸರಕಿಗೆ ಕೊಟ್ಟದ್ದು 84, 91, 98, 105, 112, 119, ಒಟ್ಟು 609. ಸ್ಥಿರ ವೆಚ್ಚ 120. ಉಳಿದದ್ದು ಋಣ 29, ಅಂದರೆ ಸೊನ್ನೆಗಿಂತ 29 ಕಡಿಮೆ. ಐದನೆಯ ತಿಂಗಳ ಕೊನೆಗೆ ಕೊರತೆ 30ಕ್ಕೆ ಮುಟ್ಟಿರುತ್ತದೆ.

ಲಾಭ 123 ಇದ್ದರೂ ನಗದು 29 ಕಡಿಮೆಯಾದದ್ದು ಹೇಗೆ ಎಂಬುದನ್ನು ಸೂತ್ರ_ಸಾಲು ಅವರು ಹೇಳಿದ ಆಸ್ತಿ-ಹೊಣೆ ಪಟ್ಟಿಯಿಂದ ಸಾಧಿಸಿ ನೋಡಿ. ಗ್ರಾಹಕರಿಂದ ಬರಬೇಕಾದ ಬಾಕಿ 200ರಿಂದ 310ಕ್ಕೆ ಏರಿದೆ, ಅಂದರೆ 110 ಅಲ್ಲಿ ಸಿಕ್ಕಿಕೊಂಡಿದೆ. ದಾಸ್ತಾನು 77ರಿಂದ (ಮೊದಲ ತಿಂಗಳ 110ರ ಮಾರಾಟಕ್ಕಾಗಿ ಮುಂಚೆಯೇ ಕೊಂಡದ್ದು) 119ಕ್ಕೆ ಏರಿದೆ, ಅಂದರೆ 42 ಅಲ್ಲಿದೆ. 123ರಿಂದ 110 ಮತ್ತು 42 ಕಳೆದರೆ ಋಣ 29. ಎರಡು ದಾರಿಗಳೂ ಒಂದೇ ಅಂಕಿಗೆ ಬಂದು ಸೇರುತ್ತವೆ. ಈ ಲೆಕ್ಕವನ್ನು ಬೇರೆಯವರ ಸಹಾಯವಿಲ್ಲದೆ ಸ್ಪ್ರೆಡ್‌ಶೀಟಿನಲ್ಲಿ ಕಟ್ಟಬಲ್ಲವರಿಗೆ ಮೂರು ಪಟ್ಟಿಗಳ ಪಾಠದ ಮುಕ್ಕಾಲು ಭಾಗ ಆಗಲೇ ಕರಗತವಾಗಿರುತ್ತದೆ ಎಂಬುದು ನನ್ನ ಅಭಿಪ್ರಾಯ.

ಖಾತೆ_ಕಲಿಕೆ:

ಈ ಲೆಕ್ಕವನ್ನು ಮಾಡಿ ನೋಡಿದೆ, ತಾಳೆಯಾಯಿತು. ನಮ್ಮ ಸಂಸ್ಥೆಯ ಚಿತ್ರವೇ ಇದು. ಮಾಲೀಕರು ಇದಕ್ಕೆ ಪರಿಹಾರವಾಗಿ ಬೆಲೆಯನ್ನು ಶೇ. 2ರಷ್ಟು ಏರಿಸುವ ಯೋಚನೆಯಲ್ಲಿದ್ದಾರೆ. ಮಾದರಿಯಿಂದ ಇದನ್ನು ತೂಗಿ ನೋಡುವ ಬಗೆ ಹೇಗೆ?

ದಾಸ್ತಾನು_ದಿನಗಳು:

ಒಂದು ಊಹೆಯನ್ನು ಮಾತ್ರ ಬದಲಿಸಿ, ಉಳಿದವುಗಳನ್ನು ಹಾಗೆಯೇ ಬಿಟ್ಟು, ಕೊನೆಯ ಅಂಕಿ ಎಷ್ಟು ಅಲುಗಾಡುತ್ತದೆ ಎಂದು ನೋಡುವುದೇ ಸೂಕ್ಷ್ಮತೆಯ ವಿಶ್ಲೇಷಣೆ. ಮೇಲಿನ ಲೆಕ್ಕದಲ್ಲಿಯೇ ಮಾಡೋಣ. ಮಾರಾಟದ ಪ್ರಮಾಣ ಕುಗ್ಗದೆ ಬೆಲೆ ಮಾತ್ರ ಶೇ. 2 ಏರಿತು ಎನ್ನಿ. ಉದ್ರಿ ಎರಡು ತಿಂಗಳಿರುವುದರಿಂದ ಹೆಚ್ಚುವರಿ ಹಣ ಕೈಗೆ ಬರುವುದು ಮೂರನೆಯ ತಿಂಗಳಿನಿಂದ. ಮೊದಲ ನಾಲ್ಕು ತಿಂಗಳ ಮಾರಾಟವಾದ 500ರ ಮೇಲೆ ಶೇ. 2 ಎಂದರೆ 10. ಕೊರತೆ 29ರಿಂದ 19ಕ್ಕೆ ಇಳಿಯುತ್ತದೆ, ನೀಗುವುದಿಲ್ಲ.

ಇದರ ಬದಲು ಬೆಲೆಯನ್ನು ಮುಟ್ಟದೆ, ಮೊದಲ ತಿಂಗಳಿನಿಂದ ಬರೆಯುವ ಹೊಸ ಬಿಲ್ಲುಗಳಲ್ಲಿ ಅರ್ಧದಷ್ಟಕ್ಕೆ ಒಂದು ತಿಂಗಳ ಗಡುವು ಎಂದು ಗ್ರಾಹಕರನ್ನು ಒಪ್ಪಿಸಿದರೆ, ಆರನೆಯ ತಿಂಗಳ ಕೊನೆಗೆ ಬಾಕಿ 310ರ ಬದಲು 235 ಇರುತ್ತದೆ. ಋಣ 29 ಇದ್ದದ್ದು ಧನ 46 ಆಗುತ್ತದೆ. ಎಲ್ಲ ಬಿಲ್ಲುಗಳಿಗೂ ಒಪ್ಪಿಸಲು ಸಾಧ್ಯವಾದರೆ ಧನ 121, ಅಂದರೆ ಲಾಭದ ಅಂಕಿಗೆ ಬಹಳ ಹತ್ತಿರ. ಆದರೆ ಇದು ಒಮ್ಮೆ ಮಾತ್ರ ಸಿಗುವ ಬಿಡುಗಡೆ ಎಂಬುದನ್ನು ಮಾಲೀಕರಿಗೆ ಸ್ಪಷ್ಟವಾಗಿ ಹೇಳಿ. ಬೆಲೆ ಏರಿಕೆಯ ಫಲ ನಿಧಾನವಾಗಿ ಬಂದರೂ ಪ್ರತಿ ತಿಂಗಳೂ ಬರುತ್ತದೆ. ಗಡುವು ತಗ್ಗಿಸಿದ ಫಲ ಬೇಗ ಬಂದು ಅಲ್ಲಿಗೇ ನಿಲ್ಲುತ್ತದೆ.

ಇಲ್ಲಿ ಮೂರು ಅಳತೆಗಳನ್ನು ಮಾದರಿಯ ಮುಖ್ಯ ಊಹೆಗಳಾಗಿ ಪ್ರತ್ಯೇಕವಾಗಿ ಇಟ್ಟುಕೊಳ್ಳಬೇಕು: ದಾಸ್ತಾನು ಎಷ್ಟು ದಿನ ಕುಳಿತಿರುತ್ತದೆ, ಗ್ರಾಹಕರು ಎಷ್ಟು ದಿನಕ್ಕೆ ಕೊಡುತ್ತಾರೆ, ನಾವು ಪೂರೈಕೆದಾರರಿಗೆ ಎಷ್ಟು ದಿನಕ್ಕೆ ಕೊಡುತ್ತೇವೆ. ಮೊದಲೆರಡನ್ನು ಕೂಡಿ ಮೂರನೆಯದನ್ನು ಕಳೆದರೆ, ಒಮ್ಮೆ ಕೊಟ್ಟ ಹಣ ಮತ್ತೆ ಹಣವಾಗಿ ತಿರುಗಿ ಬರಲು ಬೇಕಾದ ದಿನಗಳು ಸಿಗುತ್ತವೆ. ಮೇಲಿನ ಉದಾಹರಣೆಯಲ್ಲಿ ಅದು ಸುಮಾರು 90 ದಿನ. ಗ್ರಾಹಕರೆಲ್ಲರ ಸರಾಸರಿಯನ್ನು ಮಾತ್ರ ಹಾಕಬೇಡಿ. ಮಾರಾಟದ ಮೂರನೇ ಒಂದು ಪಾಲು ಒಬ್ಬರೇ ಗ್ರಾಹಕರಿಂದ ಬರುತ್ತಿದ್ದರೆ ಅವರಿಗೆಂದೇ ಒಂದು ಸಾಲು ಇರಲಿ, ಏಕೆಂದರೆ ಅವರೊಬ್ಬರು ಎರಡು ವಾರ ತಡಮಾಡಿದರೂ ಸರಾಸರಿ ಹೆಚ್ಚು ಕದಲುವುದಿಲ್ಲ, ಆದರೆ ಸಂಬಳದ ದಿನ ಕದಲುತ್ತದೆ.

ಸಾಲ_ಪರಿಶೀಲನೆ:

ನಾನು ಸಣ್ಣ ಉದ್ಯಮಗಳ ಸಾಲದ ಅರ್ಜಿಗಳನ್ನು ಪರಿಶೀಲಿಸುವ ಕೆಲಸದಲ್ಲಿದ್ದವನು. ಮೇಜಿನ ಆಚೆ ಕುಳಿತವರು ಮಾದರಿಯಲ್ಲಿ ಏನನ್ನು ನೋಡುತ್ತಾರೆ ಎಂಬುದನ್ನು ಹೇಳಿದರೆ ಉಪಯೋಗವಾಗಬಹುದು.

ಮಾರಾಟದ ಸಾಲು ಹೇಗೆ ಹುಟ್ಟಿದೆ ಎಂಬುದು ಮೊದಲ ಪ್ರಶ್ನೆ. "ಕಳೆದ ವರ್ಷಕ್ಕಿಂತ ಶೇ. 25 ಹೆಚ್ಚು" ಎಂದು ಒಂದೇ ಸೂತ್ರವಿದ್ದರೆ, ಅಥವಾ ಇಡೀ ಮಾರುಕಟ್ಟೆಯ ಶೇ. 1 ನಮ್ಮದಾಗುತ್ತದೆ ಎಂಬ ಊಹೆಯಿದ್ದರೆ, ಚರ್ಚಿಸಲು ಏನೂ ಉಳಿಯುವುದಿಲ್ಲ. ಗ್ರಾಹಕರ ಸಂಖ್ಯೆ, ಒಬ್ಬೊಬ್ಬರ ಸರಾಸರಿ ಆರ್ಡರ್, ಯಂತ್ರದ ತಾಸುಗಳು, ತಾಸಿಗೆ ತಯಾರಾಗುವ ಪ್ರಮಾಣ ಇಂಥ ಮೂಲಗಳಿಂದ ಮಾರಾಟ ಮೂಡಿಬಂದಿದ್ದರೆ ಪ್ರತಿಯೊಂದನ್ನೂ ಪ್ರಶ್ನಿಸಬಹುದು, ಪ್ರತಿಯೊಂದಕ್ಕೂ ಆಧಾರ ಕೊಡಬಹುದು. ಯಂತ್ರಗಳ ಸಾಮರ್ಥ್ಯಕ್ಕಿಂತ ಹೆಚ್ಚಿನ ಮಾರಾಟವನ್ನು ತೋರಿಸುವ ಮಾದರಿಗಳು ನೀವು ಊಹಿಸುವುದಕ್ಕಿಂತ ಹೆಚ್ಚಾಗಿ ಬರುತ್ತವೆ.

ಎರಡನೆಯದು, ಸಾಲ ತೀರಿಸುವ ಸಾಮರ್ಥ್ಯ. ಕಂತು ಕಟ್ಟುವ ಮುನ್ನ ವರ್ಷಕ್ಕೆ ಕೈಯಲ್ಲಿ ಉಳಿಯುವ ನಗದನ್ನು ಆ ವರ್ಷದ ಅಸಲು ಮತ್ತು ಬಡ್ಡಿಯ ಮೊತ್ತದಿಂದ ಭಾಗಿಸಿದಾಗ 1 ಬಂದರೆ ಒಂದು ಕಾಸೂ ಹೆಚ್ಚಿಲ್ಲ, ಕಡಿಮೆಯೂ ಇಲ್ಲ ಎಂದರ್ಥ. ಸಾಲದಾತರು ಸಾಮಾನ್ಯವಾಗಿ ಸುಮಾರು 1.25ರ ಆಸುಪಾಸನ್ನು ಬಯಸುತ್ತಾರೆ. ವರ್ಷದ ಅನುಪಾತ ಚೆನ್ನಾಗಿದ್ದರೂ ಹಂಗಾಮಿನ ವ್ಯಾಪಾರದಲ್ಲಿ ನಡುವಿನ ತಿಂಗಳುಗಳು ಬತ್ತಿರಬಹುದು. ಆದ್ದರಿಂದ ತಿಂಗಳವಾರು ಪಟ್ಟಿಯನ್ನೂ ಜೊತೆಗಿಡಿ, ಮತ್ತು ಹಂಗಾಮಿನ ಏರಿಳಿತಕ್ಕೆ ವಾರ್ಷಿಕ ಮೊತ್ತವನ್ನು ಹನ್ನೆರಡರಿಂದ ಭಾಗಿಸದೆ ಕಳೆದ ವರ್ಷದ ಅದೇ ತಿಂಗಳನ್ನು ಆಧಾರವಾಗಿ ತೆಗೆದುಕೊಳ್ಳಿ.

ಮಾಲೀಕರು ಸಂಬಳ ತೆಗೆದುಕೊಳ್ಳದೆ ಅಗತ್ಯ ಬಿದ್ದಾಗಲೆಲ್ಲ ಹಣ ಹಿಂತೆಗೆಯುವ ರೂಢಿಯಿದ್ದರೆ ಅದನ್ನು ಮರೆಮಾಡದೆ ಒಂದು ಸಾಲಾಗಿ ತೋರಿಸಿ. ನಾವು ಅದನ್ನು ಹೇಗಿದ್ದರೂ ಹುಡುಕುತ್ತೇವೆ.

ಸೂತ್ರ_ಸಾಲು:

ಶೀಟಿನ ಶಿಸ್ತಿನ ಬಗ್ಗೆ ಯಾರೂ ಹೇಳಲಿಲ್ಲವಾದ್ದರಿಂದ ಅದನ್ನು ನಾನು ಸೇರಿಸುತ್ತೇನೆ. ಊಹೆಗಳೆಲ್ಲ ಒಂದು ಶೀಟಿನಲ್ಲಿರಲಿ, ಲೆಕ್ಕಗಳು ಇನ್ನೊಂದರಲ್ಲಿ, ಫಲಿತಾಂಶ ಮತ್ತೊಂದರಲ್ಲಿ. ಕೈಯಿಂದ ತುಂಬಿದ ಅಂಕಿ ನೀಲಿ, ಸೂತ್ರ ಕಪ್ಪು, ಬೇರೆ ಶೀಟಿನಿಂದ ಬಂದದ್ದು ಹಸಿರು ಎಂಬುದು ಈ ಕ್ಷೇತ್ರದ ಹಳೆಯ ವಾಡಿಕೆ. ಒಂದು ಸಾಲಿನ ಉದ್ದಕ್ಕೂ ಒಂದೇ ಸೂತ್ರ ಇರಬೇಕು. ನಡುವೆ ಯಾವುದೋ ಒಂದು ತಿಂಗಳಿಗೆ ಕೈಯಿಂದ ಅಂಕಿ ತುಂಬಿದರೆ ಆರು ತಿಂಗಳ ನಂತರ ಅದು ಏಕೆ ಅಲ್ಲಿದೆ ಎಂದು ತುಂಬಿದವರಿಗೂ ನೆನಪಿರುವುದಿಲ್ಲ. ಸೂತ್ರದ ಒಳಗೆ 0.18 ಅಥವಾ 1.05 ಎಂಬಂಥ ಅಂಕಿಗಳನ್ನು ಹುದುಗಿಸಬಾರದು, ಅವು ಊಹೆಗಳ ಶೀಟಿನಲ್ಲಿರಲಿ.

ಸೂತ್ರದ ವ್ಯಾಪ್ತಿ ತಪ್ಪುವುದು ಪರಿಣತರಿಗೂ ಆಗುವಂಥದ್ದು. ಅರ್ಥಶಾಸ್ತ್ರಜ್ಞರಾದ ಕಾರ್ಮೆನ್ ರೈನ್‌ಹಾರ್ಟ್ ಮತ್ತು ಕೆನೆತ್ ರೊಗಾಫ್ ಸರ್ಕಾರಿ ಸಾಲ ಮತ್ತು ಆರ್ಥಿಕ ಬೆಳವಣಿಗೆಯ ಸಂಬಂಧದ ಕುರಿತು 2010ರಲ್ಲಿ ಪ್ರಕಟಿಸಿದ ಪ್ರಸಿದ್ಧ ಪ್ರಬಂಧದ ಎಕ್ಸೆಲ್ ಶೀಟಿನಲ್ಲಿ ಸರಾಸರಿಯ ಸೂತ್ರ 20 ದೇಶಗಳ ಪೈಕಿ 5 ದೇಶಗಳ ಸಾಲುಗಳನ್ನು ಒಳಗೊಂಡಿರಲಿಲ್ಲ. 2013ರಲ್ಲಿ ಥಾಮಸ್ ಹರ್ನ್‌ಡನ್ ಎಂಬ ವಿದ್ಯಾರ್ಥಿ ಆ ಲೆಕ್ಕವನ್ನು ಮರಳಿ ಮಾಡಲು ಹೊರಟಾಗ ಅದು ಬೆಳಕಿಗೆ ಬಂತು. ಆ ಪ್ರಬಂಧದ ಮೇಲೆ ಬಂದ ಟೀಕೆಗಳಲ್ಲಿ ಇದು ಒಂದು ಮಾತ್ರ, ಅತ್ಯಂತ ದೊಡ್ಡದೂ ಅಲ್ಲ. ಆದರೂ ಮೂರು ವರ್ಷ ಅದು ಯಾರ ಕಣ್ಣಿಗೂ ಬೀಳಲಿಲ್ಲ. ಆದ್ದರಿಂದ ಎಣಿಕೆಯ ತಪಾಸಣೆಗೆಂದೇ ಕೆಲವು ಸಾಲುಗಳು ಇರಲಿ: ಗ್ರಾಹಕವಾರು ಮಾರಾಟದ ಮೊತ್ತ ತಿಂಗಳವಾರು ಮೊತ್ತಕ್ಕೆ ಸಮವೇ, ಆಸ್ತಿಯಿಂದ ಬಂಡವಾಳವೂ ಸೇರಿದ ಹೊಣೆ ಕಳೆದರೆ ಸೊನ್ನೆಯೇ, ಮಾದರಿಯ ನಗದು ಬ್ಯಾಂಕಿನ ಶಿಲ್ಕಿಗೆ ಸಮವೇ?

ಸೊನ್ನೆ ಬರದಿದ್ದಾಗ ವ್ಯತ್ಯಾಸವನ್ನು "ಇತರೆ" ಎಂಬ ಸಾಲಿಗೆ ತುಂಬಿ ಸರಿದೂಗಿಸುವ ಆಸೆಯನ್ನು ದಯವಿಟ್ಟು ಹತ್ತಿಕ್ಕಿ. ವ್ಯತ್ಯಾಸದ ಅಂಕಿಯೇ ಸುಳಿವು ಕೊಡುತ್ತದೆ. ಅದರ ಅರ್ಧ ಯಾವುದಾದರೂ ಸಾಲಿನ ಮೊತ್ತಕ್ಕೆ ಸಮವಾದರೆ, ಕೂಡಬೇಕಾದಲ್ಲಿ ಕಳೆದಿದ್ದೀರಿ ಅಥವಾ ಕಳೆಯಬೇಕಾದಲ್ಲಿ ಕೂಡಿದ್ದೀರಿ. ಅದು 9ರಿಂದ ನಿಶ್ಶೇಷವಾಗಿ ಭಾಗವಾದರೆ ಕೈಯಿಂದ ತುಂಬಿದ ಯಾವುದೋ ಅಂಕಿಯಲ್ಲಿ ಎರಡು ಸ್ಥಾನಗಳು ಅದಲುಬದಲಾಗಿರುವ ಸಂಭವ ಹೆಚ್ಚು. ಹಳೆಯ ಗುಮಾಸ್ತರ ಈ ಉಪಾಯಗಳು ಸ್ಪ್ರೆಡ್‌ಶೀಟಿನಲ್ಲಿಯೂ ಅಷ್ಟೇ ಕೆಲಸಕ್ಕೆ ಬರುತ್ತವೆ.

ಸಿದ್ಧ_ನಮೂನೆ:

ಇಷ್ಟೆಲ್ಲ ಕಷ್ಟಪಡುವ ಬದಲು ಸಿದ್ಧ ನಮೂನೆಯೊಂದನ್ನು ಇಳಿಸಿಕೊಂಡು ಅಂಕಿ ತುಂಬಿದರೆ ಸಾಲದೇ?

ದಾಸ್ತಾನು_ದಿನಗಳು:

ಸಾಲದಾತರಿಗೆ ತುರ್ತಾಗಿ ಒಂದು ಪಟ್ಟಿ ಕೊಡಬೇಕಾಗಿದ್ದರೆ ಸಾಕು. ಆದರೆ ನಮೂನೆಯನ್ನು ಬರೆದವರು ಯಾವ ವ್ಯಾಪಾರವನ್ನು ಮನಸ್ಸಿನಲ್ಲಿಟ್ಟುಕೊಂಡಿದ್ದರೋ ಅದರ ಊಹೆಗಳು ನಿಮ್ಮ ಶೀಟಿನಲ್ಲಿ ಉಳಿದುಬಿಡುತ್ತವೆ. ತಿಂಗಳ ಚಂದಾದಿಂದ ನಡೆಯುವ ಸೇವೆಯ ನಮೂನೆಯಲ್ಲಿ ದಾಸ್ತಾನು ಎಂಬ ಸಾಲೇ ಇರುವುದಿಲ್ಲ. ಇತರರ ನಮೂನೆಯನ್ನು ಬಿಚ್ಚಿ ನೋಡಿ, ಅದರ ವಿನ್ಯಾಸದಿಂದ ಕಲಿಯಿರಿ. ನಿಮ್ಮದನ್ನು ಖಾಲಿ ಶೀಟಿನಿಂದ ಕಟ್ಟಿ.

ಖಾತೆ_ಕಲಿಕೆ:

ಎಲ್ಲರಿಗೂ ಧನ್ಯವಾದಗಳು. ಹಳೆಯ ವರ್ಷದ ಮರುಸೃಷ್ಟಿಯನ್ನು ಆರಂಭಿಸಿದ್ದೇನೆ. ಇನ್ನೆರಡು ಪ್ರಶ್ನೆಗಳಿವೆ. ಯಂತ್ರದ ಖರೀದಿಯನ್ನು ತೂಗುವುದು ಹೇಗೆ? ಓವರ್‌ಡ್ರಾಫ್ಟಿನ (ಖಾತೆಯಲ್ಲಿರುವುದಕ್ಕಿಂತ ಹೆಚ್ಚು ತೆಗೆಯಲು ಬ್ಯಾಂಕ್ ಕೊಡುವ ಸಾಲದ) ಬಡ್ಡಿಯನ್ನು ಮಾದರಿಯಲ್ಲಿ ಹಾಕಿದ ಕೂಡಲೇ ಎಕ್ಸೆಲ್ ವೃತ್ತಾಕಾರದ ಉಲ್ಲೇಖವಿದೆ ಎಂದು ಎಚ್ಚರಿಸುತ್ತಿದೆ. ಅದನ್ನು ಬಿಡಿಸುವುದು ಹೇಗೆ?

ಸೂತ್ರ_ಸಾಲು:

ಎರಡನೆಯದನ್ನು ಮೊದಲು ಮುಗಿಸೋಣ. ಬಡ್ಡಿ ಸರಾಸರಿ ಶಿಲ್ಕನ್ನು ಅವಲಂಬಿಸಿದೆ, ಸರಾಸರಿ ಶಿಲ್ಕು ತಿಂಗಳ ಕೊನೆಯ ಶಿಲ್ಕನ್ನು, ಅದು ಮತ್ತೆ ಬಡ್ಡಿಯನ್ನು. ಪುನರಾವರ್ತಿತ ಲೆಕ್ಕದ ಆಯ್ಕೆಯನ್ನು ಚಾಲೂ ಮಾಡಿದರೆ ಎಚ್ಚರಿಕೆ ನಿಲ್ಲುತ್ತದೆ, ಆದರೆ ಒಮ್ಮೆ ಎಲ್ಲಾದರೂ ದೋಷ ನುಸುಳಿದರೆ ಅದು ಆ ವೃತ್ತದೊಳಗೆ ಸಿಕ್ಕಿಕೊಂಡು ಇಡೀ ಶೀಟನ್ನು ಕೆಡಿಸುತ್ತದೆ. ತಿಂಗಳ ಆರಂಭದ ಶಿಲ್ಕಿನ ಮೇಲೆ ಬಡ್ಡಿ ಲೆಕ್ಕಹಾಕಿ. ತಿಂಗಳವಾರು ಮಾದರಿಯಲ್ಲಿ ಇದರಿಂದಾಗುವ ವ್ಯತ್ಯಾಸ ಅತ್ಯಲ್ಪ.

ಹಳೇ_ಖತಾವಣಿ:

ಯಂತ್ರದ ವಿಷಯ. ಇಂದು 100 ಕೊಟ್ಟು ಕೊಂಡ ಯಂತ್ರ ಮೂರು ವರ್ಷ, ವರ್ಷಕ್ಕೆ 42ರಂತೆ ಹೆಚ್ಚುವರಿ ನಗದು ತರುತ್ತದೆ, ನಿಮ್ಮ ಹಣದ ವೆಚ್ಚ, ಅಂದರೆ ಆ ಹಣಕ್ಕೆ ವರ್ಷಕ್ಕೆ ತೆರಬೇಕಾದ ದರ, ಶೇ. 10 ಎಂದಿಟ್ಟುಕೊಳ್ಳಿ. ಇಂದಿನ ಮೌಲ್ಯಕ್ಕೆ ಇಳಿಸಿದರೆ ಬರುವ ನಗದು ಸುಮಾರು 104.4, ಅಂದರೆ 4.4 ಲಾಭ, ಕೊಳ್ಳಬಹುದು ಎಂದು ಕಾಣುತ್ತದೆ. ಎಕ್ಸೆಲ್‌ನ ಎನ್‌ಪಿವಿ (ನಿವ್ವಳ ಇಂದಿನ ಮೌಲ್ಯ) ಸೂತ್ರ ತನಗೆ ಕೊಟ್ಟ ಮೊದಲ ಅಂಕಿಯನ್ನು ಒಂದು ವರ್ಷದ ಕೊನೆಯದೆಂದು ಭಾವಿಸುತ್ತದೆ, ಆದ್ದರಿಂದ ಇಂದು ಕೊಡುವ 100ನ್ನು ಸೂತ್ರದ ಹೊರಗೆ ಕಳೆಯಬೇಕು. ಒಳಗೇ ಸೇರಿಸಿದರೆ ಉತ್ತರ 4.0 ಎಂದು ಬರುತ್ತದೆ. ಚಿಹ್ನೆ ಬದಲಾಗುವುದಿಲ್ಲ, ಮೊತ್ತ ತಪ್ಪುತ್ತದೆ.

ಆದರೆ ಹೆಚ್ಚು ಉತ್ಪಾದನೆ ಎಂದರೆ ಹೆಚ್ಚು ಕಚ್ಚಾ ಸಾಮಗ್ರಿ, ಹೆಚ್ಚು ಉದ್ರಿ. ಅದಕ್ಕಾಗಿ ಇಂದೇ 20ರಷ್ಟು ಹಣ ತೊಡಗಿಸಬೇಕಾಗಿ ಬಂದು, ಅದು ಮೂರನೆಯ ವರ್ಷದ ಕೊನೆಗೆ ಪೂರ್ತಿ ಹಿಂದಿರುಗುತ್ತದೆ ಎಂದೇ ಭಾವಿಸಿದರೂ, ಅದರ ಇಂದಿನ ಮೌಲ್ಯ ಸುಮಾರು 15 ಮಾತ್ರ. ಸುಮಾರು 5 ಅಲ್ಲಿ ಕರಗುತ್ತದೆ; 4.4 ಇದ್ದದ್ದು ಋಣ 0.5 ಆಗುತ್ತದೆ. ಯಂತ್ರ ಮಾರುವವರು ತಂದುಕೊಡುವ ಲೆಕ್ಕದಲ್ಲಿ ಈ ಸಾಲು ಇರುವುದು ಅಪರೂಪ.

ಸಾಲ_ಪರಿಶೀಲನೆ:

ಇದರ ಜೊತೆಗೆ ಯಂತ್ರ ಬಂದು ನಿಂತು ಪೂರ್ಣ ಪ್ರಮಾಣದಲ್ಲಿ ಓಡತೊಡಗುವವರೆಗಿನ ತಿಂಗಳುಗಳನ್ನು ಮಾದರಿಯಲ್ಲಿ ಖಾಲಿ ಬಿಡಿ. ಕಂತು ಮೊದಲ ತಿಂಗಳಿನಿಂದಲೇ ಶುರುವಾಗುತ್ತದೆಯೇ ಎಂದು ಸಾಲದ ಪತ್ರದಲ್ಲಿ ನೋಡಿಕೊಳ್ಳಿ. ಶುರುವಾಗುವುದಾದರೆ ಆದಾಯವಿಲ್ಲದ ಆ ತಿಂಗಳುಗಳ ಕಂತನ್ನೂ ಸಾಲದ ಮೊತ್ತದಲ್ಲಿ ಸೇರಿಸಿ ಕೇಳುವುದು ಲೇಸು. ನಡುವೆ ಮತ್ತೆ ಬಂದು ಕೇಳುವ ಸಾಲ ಸಿಗುವುದು ಕಷ್ಟ.

ದಾಸ್ತಾನು_ದಿನಗಳು:

ವಾರದ ಪಟ್ಟಿಯ ಬಗ್ಗೆ ಒಂದು ಮಾತು. ನೀವು ಮೊದಲಿಗೆ ಕೇಳಿದ ಸಂಬಳದ ದಿನದ ಪ್ರಶ್ನೆಗೆ ತಿಂಗಳವಾರು ಮಾದರಿ ಸಾಲದು. ತಿಂಗಳ ಆರಂಭ ಮತ್ತು ಕೊನೆ ಎರಡೂ ಸರಿಯಿದ್ದು ನಡುವಿನ ವಾರ ಶಿಲ್ಕು ಋಣಕ್ಕೆ ಇಳಿದಿರಬಹುದು. ಮುಂದಿನ 13 ವಾರಗಳ, ಅಂದರೆ ಒಂದು ತ್ರೈಮಾಸಿಕದ, ನಗದು ಪಟ್ಟಿಯನ್ನು ಪ್ರತ್ಯೇಕವಾಗಿ ಇಟ್ಟುಕೊಳ್ಳಿ. ಅದರಲ್ಲಿ ಸರಾಸರಿ ಬೇಡ, ಬಿಲ್ಲು ಬಿಲ್ಲಾಗಿ ಬರೆಯಿರಿ: ಯಾರು, ಎಷ್ಟು, ಯಾವ ವಾರ. ಪ್ರತಿ ವಾರ ಒಂದು ಅಂಕಣ ಮುಗಿದಂತೆ ಕೊನೆಯಲ್ಲಿ ಇನ್ನೊಂದು ಸೇರುತ್ತದೆ. ಮುಗಿದ ವಾರದ ಅಂದಾಜನ್ನು ಅಳಿಸಿ ವಾಸ್ತವದ ಅಂಕಿ ತುಂಬಬೇಡಿ, ಎರಡನ್ನೂ ಅಕ್ಕಪಕ್ಕ ಉಳಿಸಿ. ಕೆಲವು ತಿಂಗಳಾದ ಮೇಲೆ ಯಾವ ಗ್ರಾಹಕರ ಮಾತನ್ನು ಎಷ್ಟು ದಿನ ಕೂಡಿಸಿ ಓದಬೇಕು ಎಂಬುದು ಆ ಎರಡು ಅಂಕಣಗಳಿಂದಲೇ ತಿಳಿಯುತ್ತದೆ, ಮತ್ತು ಆ ದಿನಗಳನ್ನು ನೇರವಾಗಿ ತಿಂಗಳವಾರು ಮಾದರಿಯ ಊಹೆಗಳ ಶೀಟಿಗೆ ಒಯ್ಯಬಹುದು.